ನಾಲ್ಕಂಗುಲದ ಲೆಕ್ಕ
(ಹಳೆಯ ಮೋಟಾರ್ ಸೈಕಲ್ಲುಗಳ ಪಂದ್ಯದಲ್ಲಿ ಸ್ಪ್ರಿಂಗು ಮತ್ತು ಎಣ್ಣೆ)

ಎತ್ತಿನ ಗಾಡಿಯಲ್ಲಿ ಕುಳಿತು ಕಲ್ಲುದಾರಿಯಲ್ಲಿ ಹೋದವರ ಬೆನ್ನಿಗೆ ದಾರಿಯ ಪ್ರತಿಯೊಂದು ಕಲ್ಲಿನ ಪರಿಚಯವೂ ಆಗಿರುತ್ತದೆ. ಅದೇ ದಾರಿ ಜಟಕಾ ಗಾಡಿಯಲ್ಲಿ ಕುಳಿತವರಿಗೆ ಅಷ್ಟು ಒರಟಾಗಿ ತೋರುವುದಿಲ್ಲ. ಏಕೆಂದರೆ ಜಟಕಾದ ಅಚ್ಚಿಗೂ ಮೇಲಿನ ಪೆಟ್ಟಿಗೆಗೂ ನಡುವೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು ಇರುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಈ ಕೆಲಸವನ್ನು ಮುಂದುಗಡೆ ಫೋರ್ಕೂ ಹಿಂದುಗಡೆ ಷಾಕ್ ಅಬ್ಸಾರ್ಬರುಗಳೂ ಮಾಡುತ್ತವೆ. ಪೇಟೆಯ ರಸ್ತೆಯಲ್ಲಿ ಇವು ಇವೆಯೆಂಬುದೇ ನಮಗೆ ಮರೆತುಹೋಗಿರುತ್ತದೆ. ಆದರೆ ಗುಡ್ಡ, ಹಳ್ಳ, ಕೆಸರು, ಉಬ್ಬುತಗ್ಗುಗಳ ಮೇಲೆ ಪೂರ್ಣವೇಗದಲ್ಲಿ ಓಡಿಸುವ ಪಂದ್ಯದಲ್ಲಿ ಸವಾರನ ಸೋಲು ಗೆಲುವು ಮಾತ್ರವಲ್ಲ, ಅವನ ಬೆನ್ನುಮೂಳೆಯ ಕ್ಷೇಮವೂ ಇವುಗಳನ್ನೇ ನಂಬಿರುತ್ತದೆ.

ಇಂಥ ಪಂದ್ಯಕ್ಕೆ ಇಂಗ್ಲೆಂಡಿನಲ್ಲಿ ಮೊದಲು 'ಸ್ಕ್ರಾಂಬಲ್' ಎಂದು ಹೆಸರು. ೧೯೨೪ರಲ್ಲಿ ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನಡೆದ ಪಂದ್ಯವನ್ನು ಇದರ ಮೊದಲನೆಯದೆಂದು ಎಣಿಸುವುದು ವಾಡಿಕೆ. ಯೂರೋಪಿನ ಇತರ ದೇಶಗಳಿಗೆ ಹಬ್ಬಿದ ಮೇಲೆ ಇದಕ್ಕೆ 'ಮೋಟೋಕ್ರಾಸ್' ಎಂಬ ಹೆಸರು ನಿಂತಿತು. ೧೯೫೨ರಲ್ಲಿ ೫೦೦ ಸಿ.ಸಿ. ವಾಹನಗಳಿಗೆ ಯೂರೋಪಿನ ಚಾಂಪಿಯನ್ ಪದವಿಯೂ ೧೯೫೭ರಲ್ಲಿ ವಿಶ್ವ ಚಾಂಪಿಯನ್ ಪದವಿಯೂ ಏರ್ಪಟ್ಟವು. ಆ ಕಾಲದ ವಾಹನಗಳ ಹಿಂದಿನ ಚಕ್ರ ನೆಲದ ಏರುತಗ್ಗನ್ನು ಅನುಸರಿಸಿ ಮೇಲೆ ಕೆಳಗೆ ಆಡುತ್ತಿದ್ದುದು ಸುಮಾರು ನಾಲ್ಕು ಅಂಗುಲ ಮಾತ್ರ. ಬೆಲ್ಜಿಯಂನ ಜೋಯೆಲ್ ರಾಬರ್ಟ್ ೧೯೬೪ರಲ್ಲಿ ಚೆಕೊಸ್ಲೊವಾಕಿಯಾದ ಸಿಜೆಡ್ ವಾಹನದ ಮೇಲೆ ೨೫೦ ಸಿ.ಸಿ. ವಿಶ್ವ ಪದವಿಯನ್ನು ಗೆದ್ದದ್ದೂ, ಬ್ರಿಟನ್ನಿನ ಜೆಫ್ ಸ್ಮಿತ್ ೧೯೬೪ ಮತ್ತು ೧೯೬೫ರಲ್ಲಿ ಬಿ.ಎಸ್.ಎ. ವಾಹನದ ಮೇಲೆ ೫೦೦ ಸಿ.ಸಿ. ಪದವಿಯನ್ನು ಗೆದ್ದದ್ದೂ ಇಂಥ ಕಿರಿದಾದ ಏರಿಳಿತದಲ್ಲಿಯೇ.

ಆಮೇಲೆ ಒಂದು ಕ್ರಾಂತಿಯೇ ನಡೆಯಿತು. ಬೆಲ್ಜಿಯಂನ ಲೂಸಿಯನ್ ತಿಲ್ಕೆನ್ಸ್ ಎಂಬ ಇಂಜಿನಿಯರು ಎರಡು ಷಾಕ್ ಅಬ್ಸಾರ್ಬರುಗಳ ಬದಲು ಪೆಟ್ರೋಲ್ ಟ್ಯಾಂಕಿನ ಕೆಳಗೆ ಉದ್ದವಾದ ಒಂದನ್ನೇ ಮಲಗಿಸಿ ಇಡುವ ಏರ್ಪಾಡನ್ನು ಕಂಡುಹಿಡಿದರು. ಜಪಾನಿನ ಯಮಹಾ ಕಂಪನಿ ಅದನ್ನು ಕೊಂಡಿತು. ೧೯೭೩ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಆ ವಾಹನದಲ್ಲಿ ೨೫೦ ಸಿ.ಸಿ. ವಿಶ್ವ ಪದವಿಯನ್ನು ಪಡೆದರು. ಜರ್ಮನಿಯ ಮೈಕೋ ಮೊದಲಾದ ಇತರ ಕಂಪನಿಗಳು ಎರಡು ಷಾಕ್ ಅಬ್ಸಾರ್ಬರುಗಳನ್ನೇ ಉಳಿಸಿಕೊಂಡು, ಅವುಗಳ ಜಾಗವನ್ನು ಮುಂದಕ್ಕೆ ಸರಿಸಿ ಚಕ್ರದ ಏರಿಳಿತವನ್ನು ಹೆಚ್ಚಿಸಿದವು. ಹತ್ತು ವರ್ಷ ತುಂಬುವುದರೊಳಗೆ ನಾಲ್ಕು ಅಂಗುಲವಿದ್ದುದು ಹನ್ನೆರಡು ಅಂಗುಲದ ಹತ್ತಿರ ಬಂತು. ನಿನ್ನೆ ಕೊಂಡ ವಾಹನ ಇಂದು ಮೂಲೆ ಸೇರುವಂತಾಯಿತು. ಕೆಟ್ಟುಹೋಗದಿದ್ದರೂ ಎಷ್ಟೋ ಒಳ್ಳೆಯ ಯಂತ್ರಗಳು ಪಂದ್ಯಕ್ಕೆ ಬಾರದವಾದವು.

ಮೂಲೆ ಸೇರಿದ ಆ ಯಂತ್ರಗಳಿಗೆ ಮತ್ತೆ ಮೈದಾನವನ್ನು ಒದಗಿಸಿಕೊಟ್ಟದ್ದು 'ವಿಂಟೇಜ್' ಪಂದ್ಯಗಳು. ಬ್ರಿಟನ್ನಿನಲ್ಲಿ ೧೯೬೫ಕ್ಕೆ ಮುಂಚಿನ ವಾಹನಗಳಿಗೆ ಒಂದು ವರ್ಗ, ಎರಡು ಷಾಕ್ ಅಬ್ಸಾರ್ಬರುಗಳುಳ್ಳ ವಾಹನಗಳಿಗೆ ಇನ್ನೊಂದು ವರ್ಗ, ಹೀಗೆ ವಯಸ್ಸಿಗೆ ತಕ್ಕಂತೆ ವಾಹನಗಳನ್ನು ವಿಂಗಡಿಸಿ ಓಡಿಸುತ್ತಾರೆ. ಅಮೆರಿಕದಲ್ಲಿ 'ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್' ಎಂಬ ಸಂಸ್ಥೆ ಇಂಥ ಪಂದ್ಯಗಳನ್ನು ನಡೆಸುತ್ತದೆ. ಅದರ ವಿಂಟೇಜ್ ಮೋಟೋಕ್ರಾಸ್ ವರ್ಗಗಳಲ್ಲಿ ಚಕ್ರದ ಏರಿಳಿತ ಮುಂದೆ ೭ ಅಂಗುಲವನ್ನೂ ಹಿಂದೆ ೪ ಅಂಗುಲವನ್ನೂ ಮೀರಬಾರದೆಂದು ಕಟ್ಟಳೆಯಿದೆ. ನಮ್ಮ ಇಂದಿನ ವಿಷಯ ಈ ನಾಲ್ಕಂಗುಲದ್ದೇ. ಹೆಚ್ಚಿಸಿಕೊಳ್ಳುವ ಹಾಗಿಲ್ಲವೆಂದ ಮೇಲೆ, ಇರುವುದನ್ನು ಹೇಗೆ ಪೂರ್ಣವಾಗಿ ಬಳಸಿಕೊಳ್ಳಬೇಕು?

ನಾಲ್ಕಂಗುಲವೆಂದರೆ ಎಷ್ಟು ಕಡಮೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ನೋಡಿ. ಒಂದು ಭಾರ ಒಂದು ಮೀಟರ್ ಎತ್ತರದಿಂದ ಬಿದ್ದು, ನೆಲ ಮುಟ್ಟಿದ ಮೇಲೆ ಹತ್ತು ಸೆಂಟಿಮೀಟರ್, ಅಂದರೆ ಸುಮಾರು ನಾಲ್ಕಂಗುಲ, ಕುಸಿದು ನಿಲ್ಲಬೇಕಾದರೆ ಅದರ ಮೇಲೆ ಬೀಳುವ ಸರಾಸರಿ ಒತ್ತಡ ಆ ಭಾರದ ಹನ್ನೊಂದು ಪಟ್ಟು. ಅದೇ ಭಾರ ಮೂವತ್ತು ಸೆಂಟಿಮೀಟರ್ ಕುಸಿದು ನಿಂತರೆ ಒತ್ತಡ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ನಿಜವಾದ ಪಂದ್ಯದಲ್ಲಿ ಸವಾರ ಪಾದಪೀಠಗಳ ಮೇಲೆ ಎದ್ದು ನಿಂತು ತನ್ನ ಮೊಣಕಾಲುಗಳನ್ನೇ ಸ್ಪ್ರಿಂಗಾಗಿ ಮಾಡಿಕೊಳ್ಳುತ್ತಾನೆ. ಟಯರೂ ಸ್ವಲ್ಪ ಪೆಟ್ಟನ್ನು ನುಂಗುತ್ತದೆ. ನೆಗೆದು ಇಳಿಯುವ ಜಾಗ ಇಳಿಜಾರಾಗಿದ್ದರೆ ಪೆಟ್ಟು ಇನ್ನೂ ಕಡಮೆ. ಆದರೂ ಈ ಲೆಕ್ಕದ ಮರ್ಮವನ್ನು ತಿಳಿದವರು ಹಳೆಯ ವಾಹನಗಳ ಪಂದ್ಯವನ್ನು ಎತ್ತರದ ಕೃತಕ ದಿಬ್ಬಗಳಿಲ್ಲದ ಸ್ವಾಭಾವಿಕ ನೆಲದ ಮೇಲೆ ಏರ್ಪಡಿಸುತ್ತಾರೆ. ವಾಹನವನ್ನು ಸಿದ್ಧಪಡಿಸುವವನೂ ಆ ನಾಲ್ಕಂಗುಲದಲ್ಲಿ ಅರ್ಧ ಅಂಗುಲವನ್ನಾದರೂ ವ್ಯರ್ಥಮಾಡಬಾರದು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ: ಸ್ಪ್ರಿಂಗು ಹೊರುತ್ತದೆ, ಎಣ್ಣೆ ತಡೆಯುತ್ತದೆ. ವಾಹನವನ್ನೂ ಸವಾರನನ್ನೂ ಹೊತ್ತು ನಿಲ್ಲಿಸುವುದು ಸ್ಪ್ರಿಂಗಿನ ಕೆಲಸ. ಆದರೆ ಅದುಮಿದ ಸ್ಪ್ರಿಂಗು ಪಡೆದುಕೊಂಡ ಶಕ್ತಿಯನ್ನು ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಸ್ಪ್ರಿಂಗೊಂದೇ ಇದ್ದರೆ ವಾಹನ ಒಂದು ಹಳ್ಳ ದಾಟಿದ ಮೇಲೂ ಚೆಂಡಿನಂತೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ತಡೆಯುವುದಕ್ಕೆ ಷಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆಯಿದೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುವಾಗ ಆ ಶಕ್ತಿ ಶಾಖವಾಗಿ ಹೋಗುತ್ತದೆ. ಪಂದ್ಯ ಮುಗಿದ ಕೂಡಲೆ ಷಾಕ್ ಅಬ್ಸಾರ್ಬರನ್ನು ಮುಟ್ಟಿದರೆ ಕೈ ಸುಡುವುದು ಇದರಿಂದಲೇ. ಮೆತ್ತಗಾದ ಸ್ಪ್ರಿಂಗಿನ ದೋಷವನ್ನು ಗಟ್ಟಿ ಎಣ್ಣೆಯಿಂದ ಮುಚ್ಚಲು ಹೋಗುವುದು, ತಡೆ ಸಾಲದಿದ್ದರೆ ಸ್ಪ್ರಿಂಗನ್ನು ಬಿಗಿಮಾಡುವುದು, ಇವೆರಡೂ ಮದ್ದು ತಿಳಿಯದ ವೈದ್ಯ. ಮೊದಲು ಸ್ಪ್ರಿಂಗು ಸರಿಯಾಗಬೇಕು, ಅನಂತರ ಎಣ್ಣೆ.

ಅದಕ್ಕೂ ಮುಂಚೆ ವಾಹನದ ಕೀಲುಗಳು ಸಡಿಲವಾಗಿ ಆಡುವಂತಿರಬೇಕು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ಷುಗಳು ಸವೆದಿದ್ದರೆ ಬದಲಾಯಿಸಿ ಗ್ರೀಸು ಹಾಕಬೇಕು. ಫೋರ್ಕಿನ ಎರಡು ಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಅವು ಜಾರುವ ಬದಲು ಕಚ್ಚಿಕೊಳ್ಳುತ್ತವೆ. ಚಕ್ರದ ಅಚ್ಚನ್ನು ಬಿಗಿಮಾಡಿ, ಅಚ್ಚನ್ನು ಕಾಲಿಗೆ ಹಿಡಿದಿಡುವ ಕೊನೆಯ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಹ್ಯಾಂಡಲನ್ನು ಹಿಡಿದು ಹತ್ತಾರು ಸಲ ಅದುಮಿದರೆ ಕಾಲುಗಳು ತಾವಾಗಿಯೇ ತಮ್ಮ ಜಾಗವನ್ನು ಹುಡುಕಿಕೊಳ್ಳುತ್ತವೆ. ಆಮೇಲೆ ಆ ಬೋಲ್ಟುಗಳನ್ನು ಬಿಗಿಮಾಡಬೇಕು. ದುಡ್ಡು ಖರ್ಚಿಲ್ಲದ ಈ ಕೆಲಸ ಎಷ್ಟೋ ಸಲ ದುಬಾರಿ ಸಾಮಾನಿಗಿಂತ ಹೆಚ್ಚು ಫಲ ಕೊಡುವುದುಂಟು.

ಈಗ ಸ್ಪ್ರಿಂಗಿನ ಅಳತೆ. ಇದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಪೆನ್ಸಿಲು, ಮತ್ತು ನೆರವಿಗೆ ಇಬ್ಬರು ಸ್ನೇಹಿತರು. ವಾಹನವನ್ನು ಪೆಟ್ಟಿಗೆಯೊಂದರ ಮೇಲೆ ಎತ್ತಿ ನಿಲ್ಲಿಸಿ. ಚಕ್ರ ನೇತಾಡುತ್ತಿರುವಾಗ ಹಿಂದಿನ ಅಚ್ಚಿನಿಂದ ಅದರ ನೇರ ಮೇಲೆ ಮಾಡಿಕೊಂಡ ಗುರುತಿಗೆ ಎಷ್ಟು ದೂರವೆಂದು ಅಳೆಯಿರಿ. ೫೦೦ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಎರಡನೆಯದಾಗಿ, ವಾಹನವನ್ನು ನೆಲಕ್ಕಿಳಿಸಿ ತನ್ನ ಭಾರದಲ್ಲೇ ನಿಲ್ಲಿಸಿ ಅಳೆಯಿರಿ. ಅದು ೪೯೦ ಆಗಿದ್ದರೆ ವಾಹನ ತನ್ನ ಭಾರಕ್ಕೆ ೧೦ ಮಿಲಿಮೀಟರ್ ಕುಸಿದಿದೆ. ಮೂರನೆಯದಾಗಿ, ಸವಾರ ಹೆಲ್ಮೆಟ್ಟು, ಬೂಟು ಸಮೇತ ಪೂರ್ಣ ಉಡುಪಿನಲ್ಲಿ ಹತ್ತಿ ಕುಳಿತಾಗ ಅಳೆಯಿರಿ. ಅದು ೪೭೦ ಆದರೆ ಒಟ್ಟು ಕುಸಿತ ೩೦ ಮಿಲಿಮೀಟರ್. ಉಜ್ಜಾಟದಿಂದ ಅಳತೆ ತಪ್ಪಬಹುದು. ಆದ್ದರಿಂದ ಒಮ್ಮೆ ಅದುಮಿ ಮೆಲ್ಲಗೆ ಬಿಟ್ಟು ಅಳೆಯಬೇಕು, ಒಮ್ಮೆ ಎತ್ತಿ ಮೆಲ್ಲಗೆ ಬಿಟ್ಟು ಅಳೆಯಬೇಕು. ಎರಡರ ನಡುವಣ ಅಂಕಿಯೇ ಸರಿಯಾದದ್ದು.

ಸವಾರ ಕುಳಿತಾಗ ಆಗುವ ಕುಸಿತ ಒಟ್ಟು ಏರಿಳಿತದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರಬೇಕೆಂಬುದು ಅನುಭವಿಗಳ ಸಾಮಾನ್ಯ ಸೂತ್ರ. ಹಿಂದಿನ ೪ ಅಂಗುಲ, ಅಂದರೆ ಸುಮಾರು ೧೦೦ ಮಿಲಿಮೀಟರಿಗೆ, ಇದು ೨೫ರಿಂದ ೩೩ ಮಿಲಿಮೀಟರ್ ಆಗುತ್ತದೆ. ಮುಂದಿನ ೭ ಅಂಗುಲಕ್ಕೆ ಸುಮಾರು ೪೫ರಿಂದ ೬೦. ಕುಳಿತ ಕೂಡಲೆ ಕಾಲು ಭಾಗ ಕುಸಿದುಹೋದರೆ ಅದು ನಷ್ಟವಲ್ಲವೆ ಎಂದು ನೀವು ಕೇಳಬಹುದು. ನಷ್ಟವಲ್ಲ. ಚಕ್ರ ದಿಣ್ಣೆಯನ್ನು ಹತ್ತಿದರೆ ಸಾಲದು, ಮುಂದಿರುವ ತಗ್ಗಿಗೂ ಇಳಿದು ನೆಲವನ್ನು ಹಿಡಿದುಕೊಂಡಿರಬೇಕು. ಆ ಇಳಿಯುವಿಕೆಗೆಂದು ತೆಗೆದಿಟ್ಟ ಭಾಗವೇ ಈ ಕುಸಿತ. ಕುಸಿತವೇ ಇಲ್ಲದ ವಾಹನದ ಚಕ್ರ ಪ್ರತಿ ತಗ್ಗಿನಲ್ಲೂ ಗಾಳಿಯಲ್ಲಿರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಓಡಿಸುವ ಶಕ್ತಿಯೂ ಇಲ್ಲ, ಬ್ರೇಕಿನ ಹಿಡಿತವೂ ಇಲ್ಲ.

ಇನ್ನು ಬಹಳ ಜನ ತಪ್ಪು ತಿಳಿದಿರುವ ಸಂಗತಿಯೊಂದಿದೆ. ಷಾಕ್ ಅಬ್ಸಾರ್ಬರಿನ ಕೆಳಗಿರುವ ಕಾಲರನ್ನು ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಅದುಮಿಟ್ಟರೆ ಸ್ಪ್ರಿಂಗು ಗಟ್ಟಿಯಾಯಿತೆಂದು ಅವರ ಭಾವನೆ. ಸ್ಪ್ರಿಂಗಿನ ಗಟ್ಟಿತನ ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯಿಂದ ಬಂದದ್ದು. ಕಾಲರನ್ನು ತಿರುಗಿಸಿದರೆ ವಾಹನ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಸವಾರನಿಗೆ ಯಾವ ಸ್ಪ್ರಿಂಗು ತಕ್ಕದ್ದೆಂಬುದನ್ನು ಎರಡು ಕುಸಿತಗಳನ್ನೂ ಒಟ್ಟಿಗೆ ನೋಡಿ ತಿಳಿಯಬೇಕು. ಸವಾರ ಕುಳಿತಾಗಿನ ಕುಸಿತವನ್ನು ಕಾಲರಿನಿಂದ ೩೦ ಮಿಲಿಮೀಟರಿಗೆ ತಂದಿದ್ದೀರಿ, ಆದರೆ ವಾಹನ ತನ್ನ ಭಾರಕ್ಕೆ ಕಿಂಚಿತ್ತೂ ಕುಸಿಯುತ್ತಿಲ್ಲ ಎಂದುಕೊಳ್ಳಿ. ನೋಡಿದರೆ ಸ್ಪ್ರಿಂಗು ಬಹಳ ಗಟ್ಟಿಯೆನ್ನಿಸುತ್ತದೆ. ವಾಸ್ತವವಾಗಿ ಅದು ಮೆತ್ತಗಿದೆ. ಮೆತ್ತಗಿರುವುದರಿಂದಲೇ ಅದನ್ನು ಅಷ್ಟು ಅದುಮಿಡಬೇಕಾಯಿತು. ಹಾಗೆಯೇ, ಸವಾರನ ಕುಸಿತ ಸರಿಯಾಗಿದ್ದು ವಾಹನ ತನ್ನ ಭಾರಕ್ಕೇ ಅತಿಯಾಗಿ ಕುಸಿಯುತ್ತಿದ್ದರೆ ಸ್ಪ್ರಿಂಗು ಅವನಿಗೆ ಬೇಕಾದುದಕ್ಕಿಂತ ಗಟ್ಟಿ.

ಷಾಕ್ ಅಬ್ಸಾರ್ಬರನ್ನು ಎಲ್ಲಿ ಕೂರಿಸಿದ್ದಾರೆಂಬುದೂ ಇಲ್ಲಿ ಮುಖ್ಯ. ಚಕ್ರದ ಅಚ್ಚಿನ ಹತ್ತಿರವೇ ನೆಟ್ಟಗೆ ನಿಂತಿದ್ದರೆ ಚಕ್ರ ಒಂದು ಅಂಗುಲ ಏರಿದಾಗ ಅದೂ ಹೆಚ್ಚುಕಡಮೆ ಒಂದು ಅಂಗುಲ ಅದುಮುತ್ತದೆ. ಮುಂದಕ್ಕೆ ಸರಿಸಿ, ಚಕ್ರ ಒಂದೂವರೆ ಅಂಗುಲ ಏರಿದಾಗ ಅದು ಒಂದು ಅಂಗುಲ ಮಾತ್ರ ಅದುಮುವಂತೆ ಮಾಡಿದರೆ, ಸ್ಪ್ರಿಂಗು ಒಂದೂವರೆ ಪಟ್ಟು ಗಟ್ಟಿಯಾದರೆ ಸಾಲದು. ಒಂದೂವರೆಯ ಒಂದೂವರೆ, ಅಂದರೆ ಎರಡೂಕಾಲು ಪಟ್ಟು ಗಟ್ಟಿಯಾಗಬೇಕು. ಇನ್ನೊಂದು ವಾಹನದಿಂದ ಬಿಚ್ಚಿ ತಂದ ಸ್ಪ್ರಿಂಗು ನಮ್ಮ ವಾಹನಕ್ಕೆ ಒಗ್ಗದಿರುವುದು ಈ ಕಾರಣದಿಂದ. ಜೊತೆಗೆ, ಚಕ್ರ ನಾಲ್ಕಂಗುಲವನ್ನು ಮೀರಿ ಆಡುವ ಸಂಭವವಿದ್ದರೆ ಷಾಕ್ ಅಬ್ಸಾರ್ಬರಿನ ಒಳಗೆ ಒಂದು ಬಳೆ ಹಾಕಿ ಅದರ ಓಟವನ್ನು ಕಡಮೆಮಾಡಬೇಕಾಗುತ್ತದೆ. ಪಂದ್ಯದ ಪರೀಕ್ಷಕರು ಅಳೆಯುವುದು ಷಾಕ್ ಅಬ್ಸಾರ್ಬರಿನ ಉದ್ದವನ್ನಲ್ಲ, ಚಕ್ರದ ಚಲನೆಯನ್ನು.

ಸ್ಪ್ರಿಂಗು ಸರಿಯಾಯಿತು, ಇನ್ನು ಎಣ್ಣೆ. ಹಳೆಯ ಫೋರ್ಕುಗಳಲ್ಲಿ ಎಣ್ಣೆ ಹಾಯುವುದಕ್ಕೆ ಕೆಲವು ರಂಧ್ರಗಳನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಇದನ್ನು ಹೋಳಿಹಬ್ಬದ ಪಿಚಕಾರಿಗೆ ಹೋಲಿಸಬಹುದು. ಮೆಲ್ಲಗೆ ಒತ್ತಿದರೆ ನೀರು ಸುಲಭವಾಗಿ ಬರುತ್ತದೆ, ರಭಸದಿಂದ ಒತ್ತಿದರೆ ಕೈಗೆ ಕಲ್ಲಿನಂತೆ ಎದುರು ನಿಲ್ಲುತ್ತದೆ. ರಂಧ್ರದ ತಡೆಗೆ ಒಂದು ಗುಣವಿದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಹಳೆಯ ಫೋರ್ಕು ಬ್ರೇಕು ಹಾಕಿದಾಗ ಮೆಲ್ಲಗೆ ಮುಗ್ಗರಿಸುತ್ತದೆ, ಚೂಪಾದ ಕಲ್ಲಿಗೆ ಬಡಿದಾಗ ಮಾತ್ರ ಕಬ್ಬಿಣದ ಸಲಾಕೆಯಂತೆ ಮಣಿಕಟ್ಟಿಗೆ ಪೆಟ್ಟು ಕೊಡುತ್ತದೆ. ಈಗ ಇದಕ್ಕೊಂದು ಪರಿಹಾರವಿದೆ. ಮೂಲ ರಂಧ್ರಗಳನ್ನು ದೊಡ್ಡದಾಗಿಸಿ, ಅದರ ಮೇಲೆ ಪುಟ್ಟ ಸ್ಪ್ರಿಂಗಿನಿಂದ ಮುಚ್ಚಿದ ಒಂದು ವಾಲ್ವನ್ನು ಇಡುತ್ತಾರೆ. ಹಠಾತ್ತಾಗಿ ಪೆಟ್ಟು ಬಿದ್ದಾಗ ಅದು ತೆರೆದುಕೊಂಡು ಎಣ್ಣೆಗೆ ದಾರಿಬಿಡುತ್ತದೆ. ಇದನ್ನು ಹಾಕಬಹುದೆ ಎಂಬುದನ್ನು ಆಯಾ ವರ್ಗದ ನಿಯಮಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಎಣ್ಣೆಯ ಗಟ್ಟಿತನವನ್ನು ಹೆಚ್ಚಿಸಿದರೆ ಅದುಮುವಾಗಿನ ತಡೆಯೂ ಮರಳಿ ಚಾಚುವಾಗಿನ ತಡೆಯೂ ಒಟ್ಟಿಗೆ ಹೆಚ್ಚುತ್ತವೆ. ಮರಳಿ ಚಾಚುವ ವೇಗದ ಕಡೆಗೆ ವಿಶೇಷ ಗಮನವಿರಲಿ. ತಡೆ ಸಾಲದಿದ್ದರೆ ವಾಹನದ ಹಿಂಭಾಗ ಒದೆಯುವ ಕುದುರೆಯಂತೆ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ತಡೆ ಅತಿಯಾದರೆ ಸಾಲುಸಾಲು ಉಬ್ಬುಗಳಲ್ಲಿ ಮೊದಲನೆಯದರಿಂದ ಚೇತರಿಸಿಕೊಳ್ಳುವ ಮುಂಚೆಯೇ ಎರಡನೆಯದು ಬರುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಫೋರ್ಕು ಅದುಮಿಕೊಂಡೇ ಉಳಿದು, ಏಳಂಗುಲದಲ್ಲಿ ಎರಡಂಗುಲವೂ ಕೆಲಸಕ್ಕೆ ಸಿಕ್ಕುವುದಿಲ್ಲ. ಆಗ ಸವಾರನಿಗೆ ಫೋರ್ಕು ಗಟ್ಟಿಯೆಂದೇ ತೋರುತ್ತದೆ. ಅವನು ಇನ್ನೂ ಮೆತ್ತನೆಯ ಸ್ಪ್ರಿಂಗನ್ನು ಹಾಕಿ ರೋಗವನ್ನು ಉಲ್ಬಣಗೊಳಿಸುತ್ತಾನೆ.

ಫೋರ್ಕಿನಲ್ಲಿ ಎಣ್ಣೆಯ ಮಟ್ಟಕ್ಕೂ ಒಂದು ಕೆಲಸವಿದೆ. ಎಣ್ಣೆಯ ಮೇಲೆ ಉಳಿದ ಗಾಳಿ ಅದುಮಿದಷ್ಟೂ ಬಿಗಿಯಾಗುತ್ತ, ಏರಿಳಿತದ ಕೊನೆಯ ಭಾಗದಲ್ಲಿ ಇನ್ನೊಂದು ಸ್ಪ್ರಿಂಗಿನಂತೆ ನೆರವಾಗುತ್ತದೆ. ಮೊದಲ ಭಾಗ ಚೆನ್ನಾಗಿದ್ದು ದೊಡ್ಡ ನೆಗೆತದಲ್ಲಿ ಮಾತ್ರ ಫೋರ್ಕು ತಳಕ್ಕೆ ಬಡಿಯುತ್ತಿದ್ದರೆ, ಸ್ಪ್ರಿಂಗನ್ನು ಮುಟ್ಟದೆ ಎಣ್ಣೆಯ ಮಟ್ಟವನ್ನು ಐದರಿಂದ ಹತ್ತು ಮಿಲಿಮೀಟರ್ ಏರಿಸಿ ನೋಡಬಹುದು. ಇದನ್ನು ಅಳೆಯುವುದು ಸ್ಪ್ರಿಂಗನ್ನು ತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಯಿಂದ. ಎರಡು ಕಾಲುಗಳಲ್ಲಿಯೂ ಮಟ್ಟ ಒಂದೇ ಆಗಿರಬೇಕು. ಅತಿಯಾಗಿ ತುಂಬಿದರೆ ಗಾಳಿಗೆ ಜಾಗವಿಲ್ಲದೆ ಎಣ್ಣೆ ಸೀಲುಗಳನ್ನು ಒಡೆದುಕೊಂಡು ಹೊರಬರುತ್ತದೆ.

ಹಿಂದಿನ ಷಾಕ್ ಅಬ್ಸಾರ್ಬರುಗಳ ಶತ್ರು ಶಾಖ. ಹಳೆಯ ಮಾದರಿಗಳಲ್ಲಿ ಎಣ್ಣೆಯೂ ಗಾಳಿಯೂ ಒಂದೇ ಕೋಣೆಯಲ್ಲಿದ್ದು, ಹತ್ತಾರು ನಿಮಿಷ ಬಡಿದಾಡಿದ ಮೇಲೆ ಬೆರೆತು ನೊರೆಯಾಗುತ್ತವೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಪಂದ್ಯದ ಮೊದಲ ಸುತ್ತಿನಲ್ಲಿ ವಿಧೇಯವಾಗಿದ್ದ ವಾಹನ ಕೊನೆಯ ಸುತ್ತಿನಲ್ಲಿ ಹುಚ್ಚುಕುದುರೆಯಾಗುವುದು ಹೀಗೆ. ಸವಾರ ದಣಿದಿರುವ ಹೊತ್ತಿಗೇ ಇದು ಆಗುವುದರಿಂದ ಅಪಾಯ ಇಮ್ಮಡಿ. ಎಣ್ಣೆಯನ್ನು ಬೇರ್ಪಡಿಸಿ ನೈಟ್ರೋಜನ್ ಅನಿಲದ ಒತ್ತಡದಲ್ಲಿಡುವ ಷಾಕ್ ಅಬ್ಸಾರ್ಬರುಗಳಲ್ಲಿ ಈ ತೊಂದರೆ ಬಹಳ ಕಡಮೆ. ಹೊರಗೆ ಹಳೆಯ ರೂಪ, ಒಳಗೆ ಹೊಸ ರಚನೆ ಇರುವಂಥವು ಈಗ ದೊರೆಯುತ್ತವೆ.

ಇಷ್ಟೆಲ್ಲ ಆದ ಮೇಲೆ ವಾಹನವನ್ನು ನೆಲದ ಮೇಲೆ ಓಡಿಸಿ ಪರೀಕ್ಷಿಸಬೇಕು. ಫೋರ್ಕಿನ ಕೊಳವೆಗೆ ತೆಳುವಾದ ರಬ್ಬರ್ ಉಂಗುರವೊಂದನ್ನು ತೊಡಿಸಿ. ಓಟ ಮುಗಿದ ಮೇಲೆ ಅದು ನಿಂತ ಜಾಗದಿಂದ ಎಷ್ಟು ಏರಿಳಿತ ಬಳಕೆಯಾಯಿತೆಂದು ತಿಳಿಯುತ್ತದೆ. ಒಂದು ಸುತ್ತಿನಲ್ಲಿ ಒಂದೆರಡು ಸಲ, ಅತ್ಯಂತ ದೊಡ್ಡ ಪೆಟ್ಟಿನಲ್ಲಿ, ಅದು ಕೊನೆಯನ್ನು ಮೃದುವಾಗಿ ಮುಟ್ಟುವಂತಿದ್ದರೆ ಲೆಕ್ಕ ಸರಿ. ಎಂದೂ ಮುಟ್ಟದಿದ್ದರೆ, ಇರುವ ಸ್ವಲ್ಪವನ್ನೂ ನೀವು ಬಳಸುತ್ತಿಲ್ಲವೆಂದು ಅರ್ಥ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ರೇಡಿಯೋದ ಎರಡು ಗುಂಡಿಗಳನ್ನೂ ಒಟ್ಟಿಗೆ ತಿರುಗಿಸಿದರೆ ಧ್ವನಿ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ಇದೂ ಹಾಗೆಯೇ. ಫೋರ್ಕಿನ ಎತ್ತರವನ್ನು ಬದಲಾಯಿಸಿದಾಗಲೆಲ್ಲ ಸ್ಪ್ರಿಂಗುಗಳನ್ನು ತೆಗೆದು ಪೂರ್ತಿ ಅದುಮಿ, ಟಯರು ಮಡ್‌ಗಾರ್ಡಿಗಾಗಲಿ ಸೈಲೆನ್ಸರ್ ಕೊಳವೆಗಾಗಲಿ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚೈನಿನ ಸಡಿಲವನ್ನು ಇಂಜಿನ್ನಿನ ಹಲ್ಲುಚಕ್ರ, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಅಚ್ಚು ಮೂರೂ ಒಂದೇ ಗೆರೆಯಲ್ಲಿ ಬಂದಾಗ ನೋಡಬೇಕು. ಚೈನು ಅತಿ ಬಿಗಿಯಾಗುವುದು ಆಗಲೇ.

ಇದೆಲ್ಲ ದೂರದೇಶದ ಆಟವೆಂದು ಮೈಸೂರಿನ ಕಡೆಯವರು ತಳ್ಳಿಹಾಕುವ ಹಾಗಿಲ್ಲ. ಜೋಯೆಲ್ ರಾಬರ್ಟ್ ಗೆದ್ದ ಸಿಜೆಡ್ ಹುಟ್ಟಿದ ನಾಡಿನದೇ ಜಾವಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಪ್ರಾರಂಭವಾಗಿ ಜಾವಾಗಳನ್ನೂ, ೧೯೭೩ರಿಂದ ಯೆಜ್ಡಿಗಳನ್ನೂ ತಯಾರಿಸಿ, ೧೯೯೬ರಲ್ಲಿ ನಿಂತುಹೋಯಿತು. ಆ ವಾಹನಗಳಲ್ಲಿಯೂ ಇದೇ ಬಗೆಯ ಕೊಳವೆಯ ಫೋರ್ಕು, ಇದೇ ಎರಡು ಷಾಕ್ ಅಬ್ಸಾರ್ಬರು. ಮನೆಯ ಹಜಾರದಲ್ಲಿ ಹಳೆಯ ಯೆಜ್ಡಿಯನ್ನು ಜೋಪಾನವಾಗಿಟ್ಟುಕೊಂಡವರು ಪಂದ್ಯದ ಗೋಜಿಗೆ ಹೋಗದಿದ್ದರೂ, ಟೇಪು ಹಿಡಿದು ಕುಸಿತವನ್ನು ಅಳೆದು, ಎಷ್ಟೋ ವರ್ಷಗಳ ಫೋರ್ಕಿನ ಎಣ್ಣೆಯನ್ನು ಒಮ್ಮೆ ಬದಲಾಯಿಸಿ ನೋಡಬಹುದು. ಹಿಂದೆ ಕುಳಿತವರ ಬೆನ್ನು ಅವರನ್ನು ಹರಸುತ್ತದೆ.

ನಾಲ್ಕಂಗುಲವನ್ನು ಗುಟ್ಟಾಗಿ ಐದಂಗುಲ ಮಾಡಿಕೊಂಡು ಓಡಿಸಬೇಕೆಂಬ ಆಸೆ ಕೆಲವರಿಗೆ ಬರುವುದುಂಟು. ಅವನೊಬ್ಬ ಐದು ಮಾಡಿದರೆ ಪಕ್ಕದವನು ಆರು ಮಾಡುತ್ತಾನೆ. ಹಿಂದೊಮ್ಮೆ ಒಳ್ಳೆಯ ಯಂತ್ರಗಳನ್ನು ಮೂಲೆಗೆ ತಳ್ಳಿದ್ದು ಈ ಪೈಪೋಟಿಯೇ. ಅದನ್ನು ತಡೆದು, ಹಳೆಯ ಯಂತ್ರ ಹಳೆಯ ಯಂತ್ರದೊಡನೆಯೇ ಓಡಲೆಂದು ಹಾಕಿದ ಗೆರೆ ಇದು. ಗೆರೆಯನ್ನು ದಾಟಿ ಗೆದ್ದವನು ಯಂತ್ರವನ್ನು ಮಾತ್ರ ಬದಲಾಯಿಸಿರುತ್ತಾನೆ. ಗೆರೆಯೊಳಗೇ ನಿಂತು, ಪ್ರತಿ ಮಿಲಿಮೀಟರಿನಿಂದಲೂ ಕೆಲಸ ತೆಗೆದವನು ಯಂತ್ರವನ್ನು ಅರಿತಿರುತ್ತಾನೆ. ಆ ಅರಿವು ಅವನ ಬೆನ್ನನ್ನೂ ಕಾಯುತ್ತದೆ, ಯಂತ್ರದ ಆಯುಸ್ಸನ್ನೂ ಕಾಯುತ್ತದೆ.